ಚೌರಪ್ಪನ ಪಕ್ಕದಲ್ಲಿ ಮಂಡಿಯೂರಿದವರು

ಪ್ಲೇಗು ಹಿರೇಕಲ್ಲೂರನ್ನು ಬರಿದು ಮಾಡಿದ ವರ್ಷ ಪೂಜ್ಯ ಇನ್ನಾಸಪ್ಪ ಸ್ವಾಮಿಗಳು ಅಲ್ಲಿನ ಮಣ್ಣುಗೋಡೆಯ ಚರ್ಚಿನ ಗುರುಗಳಾಗಿದ್ದರು. ಚರ್ಚಿನ ಹಿಂಬದಿಯ ಕೋಣೆಯೇ ಅವರ ವಾಸ. ಒಂದು ಚಾಪೆ, ಒಂದು ಮಡಕೆ, ಗೋಡೆಗೊಂದು ಮರದ ಶಿಲುಬೆ. ರೋಗಿಗಳ ಕೀವನ್ನು ಅವರು ತಮ್ಮ ಕೈಯಿಂದಲೇ ತೊಳೆಯುತ್ತಿದ್ದರು. ಸತ್ತವರನ್ನು ತಾವೇ ಹೊತ್ತು ಮಣ್ಣು ಮಾಡುತ್ತಿದ್ದರು.

ಬೇನೆ ಇಳಿದ ಮೇಲೆ ಒಂದು ಭಾನುವಾರ, ಪೂಜೆಗೆ ಮುಂಚೆ, ಚೌರಪ್ಪನೆಂಬವನು ಊರಿಗೆ ಮರಳಿ ಬಂದು ಚರ್ಚಿನ ಮೆಟ್ಟಿಲ ಕೆಳಗೆ ಕುಸಿದು ಕುಳಿತನು. ಹೆಂಡತಿ ರೋಜಮ್ಮನ ಕಂಕುಳಲ್ಲಿ ಗಡ್ಡೆ ಎದ್ದ ದಿನವೇ ಅವಳನ್ನು ಹೊಲದ ಗುಡಿಸಲಲ್ಲಿ ಬಿಟ್ಟು ಅಣ್ಣನ ಊರಿಗೆ ಓಡಿಹೋಗಿದ್ದವನು ಅವನು. ರೋಜಮ್ಮ ಎರಡು ದಿನ ನೀರಿಗಾಗಿ ಕೂಗಿ ಕೂಗಿ ಒಬ್ಬಳೇ ತೀರಿಕೊಂಡಿದ್ದಳು. ಈಗ ಅವನೂ ಎಲುಬಿನ ಹಂದರವಾಗಿದ್ದನು. ಕೆಮ್ಮಿದರೆ ರಕ್ತ ಬರುತ್ತಿತ್ತು. ಯಾರೂ ಅವನ ಹತ್ತಿರ ಸುಳಿಯಲಿಲ್ಲ.

ರೋಜಮ್ಮನ ತಂದೆ ಜ್ಞಾನಪ್ಪನವರು ಆ ಚರ್ಚಿನ ಉಪದೇಶಿಗಳು. ಮಕ್ಕಳಿಗೆ ಜಪ ಕಲಿಸುವವರು, ನೇಮನಿಷ್ಠೆಯವರು. ಅವರು ಸ್ವಾಮಿಗಳ ಬಳಿಗೆ ಬಂದು, ಈ ಪಾಪಿಗೆ ಚರ್ಚಿನ ಬಾಗಿಲು ಮುಚ್ಚಿದೆಯೆಂದು, ಸತ್ತರೂ ನಮ್ಮ ಸಮಾಧಿಯ ನೆಲದಲ್ಲಿ ಜಾಗವಿಲ್ಲವೆಂದು ಇಂದಿನ ಪೂಜೆಯಲ್ಲೇ ಸಾರಬೇಕೆಂದು ಕೇಳಿದರು. ಕ್ಷಮೆಯ ಪಾಠವನ್ನು ನಾನೂ ಮೂವತ್ತು ವರ್ಷ ಹೇಳಿಕೊಟ್ಟಿದ್ದೇನೆ, ಅದೆಲ್ಲ ಬಾಯಿಮಾತು ಎಂಬುದು ಮಗಳು ಹೋದ ಮೇಲೆ ತಿಳಿಯಿತು ಎಂದರು.

ಸ್ವಾಮಿಗಳು ತೊಟ್ಟಿದ್ದ ಪೂಜಾವಸ್ತ್ರವನ್ನು ಕಳಚಿ ಮಡಿಸಿಟ್ಟರು. ಹೊರಗೆ ಬಂದು, ಜನರೆಲ್ಲ ನೋಡುತ್ತಿದ್ದಂತೆ, ಚೌರಪ್ಪನ ಪಕ್ಕದಲ್ಲಿ ಧೂಳಿನಲ್ಲಿ ಮಂಡಿಯೂರಿದರು.

“ಜ್ಞಾನಪ್ಪ, ಕೊನೆಯ ದಿನ ರೋಜಮ್ಮ ದಾರಿಹೋಕನೊಬ್ಬನ ಕೈಲಿ ಮಧ್ಯಾಹ್ನವೇ ನನಗೆ ಹೇಳಿ ಕಳಿಸಿದ್ದಳು. ನಾನು ಹೋದದ್ದು ಸಂಜೆಗೆ. ನಡುವೆ ನನಗೆ ಬೇರೆ ಕೆಲಸವಿರಲಿಲ್ಲ. ಭಯವಿತ್ತು. ಹೋಗುವಷ್ಟರಲ್ಲಿ ನಿನ್ನ ಮಗಳು ತಣ್ಣಗಾಗಿದ್ದಳು. ಬಾಗಿಲು ಮುಚ್ಚುವುದಾದರೆ ಮೊದಲು ನನ್ನನ್ನು ಹೊರಗಿಡು.”

ಹೀಗೆ ಹೇಳಿ ತಲೆ ತಗ್ಗಿಸಿಕೊಂಡರು. ಬಾಗಿಲ ಚೌಕಟ್ಟು ಹಿಡಿದಿದ್ದ ಜ್ಞಾನಪ್ಪನವರು ಒಂದೊಂದೇ ಮೆಟ್ಟಿಲಿಳಿದು ಬಂದರು. ಅವರ ದನಿ ಹತ್ತಿರದವರಿಗಷ್ಟೇ ಕೇಳಿಸಿತು.

“ನಾನೂ ಗುಡಿಸಲ ಬೇಲಿ ತನಕ ಹೋಗಿದ್ದೆರಿ, ಸ್ವಾಮಿ. ಆಕಿ ‘ಅಪ್ಪಾ’ ಅಂತ ಕರಿಯೋದು ಕೇಳಿಸ್ತು. ತಿರುಗಿ ಬಂದುಬಿಟ್ಟೆ.”

ಚೌರಪ್ಪನನ್ನು ಒಂದು ಕಡೆ ಸ್ವಾಮಿಗಳೂ ಇನ್ನೊಂದು ಕಡೆ ಉಪದೇಶಿಗಳೂ ಹಿಡಿದು ಒಳಗೆ ಕರೆತಂದರು. ಆ ದಿನ ಪೂಜೆ ತಡವಾಗಿ ನಡೆಯಿತು. ಉಪದೇಶಿಗಳು ಅಳಿಯನನ್ನು ತಮ್ಮ ಮನೆಯಲ್ಲೇ ಮಲಗಿಸಿಕೊಂಡು ಗಂಜಿ ಕುಡಿಸಿದರು. ಅವನು ಅಳುತ್ತಲೇ ಇದ್ದು ಒಂಬತ್ತನೆಯ ದಿನ ಪ್ರಾಣ ಬಿಟ್ಟನು.

ಜ್ಞಾನಪ್ಪನವರು ತಾವೇ ಗುದ್ದಲಿ ಹಿಡಿದು ಮಗಳ ಮಗ್ಗುಲಲ್ಲಿ ಅವನಿಗೆ ಕುಣಿ ತೋಡಿದರು. ಸ್ವಾಮಿಗಳು ಬಂದು ಸತ್ತವರ ಜಪ ಆರಂಭಿಸಿದಾಗ, ಪ್ರತಿ ಸಾಲಿಗೂ ಮರುನುಡಿ ಹೇಳಿದವರು ಅವರೊಬ್ಬರೇ. ಒಂದು ಪದವನ್ನೂ ಬಿಡಲಿಲ್ಲ.