ಮರಳಿನ ಮನೆಯಲ್ಲಿ ಬಾಗಿಲಿಲ್ಲದ ಕೋಣೆ

ಹೊಳೆದಂಡೆಯ ಹಳೇ ಕಲ್ಲುಮಂಟಪದಲ್ಲಿ ಕಾತ್ಯಾಯನಮ್ಮ ಅಂತ ಒಬ್ಬರಿದ್ದರು. ಒಂದು ಕಾಲಕ್ಕೆ ಊರೂರಲ್ಲಿ ಮನೆಗಳನ್ನು ಕಟ್ಟಿಸಿದ ಆರ್ಕಿಟೆಕ್ಟು. ಈಗ ಏನನ್ನೂ ಕಟ್ಟುತ್ತಿರಲಿಲ್ಲ. ಕಟ್ಟಬೇಕು ಅಂತ ಬಂದವರಿಗೆ ಕಲಿಸುತ್ತಿದ್ದರು.

ಮೇದಿನಿ ಬಂದ ಮೊದಲ ದಿನ ಅವರನ್ನು “ಮೇಡಂ” ಅಂದಿದ್ದಳು.

“ಮೇಡಂ ಅನ್ನೋಳು ಸತ್ತು ತುಂಬ ವರ್ಷ ಆಯ್ತು ಕಣೇ. ಅಜ್ಜಿ ಅನ್ನು,” ಅಂದಿದ್ದರು.

ಮೇದಿನಿಗೆ ನಗಬೇಕೋ ಬೇಡವೋ ತಿಳಿದಿರಲಿಲ್ಲ.

ಅವಳಿಗೆ ಆರ್ಕಿಟೆಕ್ಚರ್ ಓದಬೇಕಿತ್ತು. ಎರಡು ಕಾಲೇಜುಗಳು ಅವಳ ಪೋರ್ಟ್‌ಫೋಲಿಯೋ ತಿರುವಿ ನೋಡಿ ಬೇಡ ಅಂದಿದ್ದವು. ಉಳಿದಿದ್ದು ಒಂದೇ. ನಾಳೆ ಬೆಳಿಗ್ಗೆ ಅಲ್ಲಿ ಇಂಟರ್‌ವ್ಯೂ. ಅದೂ ಕೈತಪ್ಪಿದರೆ ಅಪ್ಪ ಹೇಳಿದಂತೆ ಬಿ.ಕಾಂ.

ಇಂಟರ್‌ವ್ಯೂಗೆ ಹಿಂದಿನ ದಿನದ ಆ ಬೆಳಿಗ್ಗೆ ಅವಳು ತನ್ನ ಹಾಳೆಗಳನ್ನೆಲ್ಲ ಮಂಟಪದ ಕಲ್ಲಿನ ಮೇಲೆ ಹರಡಿದಳು. ಎಲ್ಲಕ್ಕಿಂತ ಚೆಂದದ್ದು ಒಂದು ಮನೆಯ ಪ್ಲಾನು. ಇಂಕಿನಲ್ಲಿ ಬರೆದದ್ದು. ನಡುವೆ ಮಡಚಿದರೆ ಎಡಭಾಗ ಬಲಭಾಗದ ಮೇಲೆ ಕೂದಲಷ್ಟೂ ಆಚೀಚೆ ಆಗದೆ ಕೂರಬೇಕು, ಅಷ್ಟು ಸಮ.

ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು.

“ಯಾರಿರ್ತಾರೆ ಇದರಲ್ಲಿ?”

“ಯಾರೂ ಇಲ್ಲ ಅಜ್ಜಿ. ಪೋರ್ಟ್‌ಫೋಲಿಯೋಗೆ ಅಂತ ಮಾಡಿದ್ದು.”

“ಹಾಗಾದ್ರೆ ಇವತ್ತು ನೀನೇ ಇರು.”

ಅಲ್ಲಿ ಅದೊಂದು ಪದ್ಧತಿ. ಯಾರೇ ಮನೆ ಬರೆದರೂ ಅದನ್ನು ಹೊಳೆಯ ಮರಳಿನ ಮೇಲೆ ನಿಜವಾದ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಎಳೆಯಬೇಕು. ಆಮೇಲೆ ಬರೆದವರೇ ಅದರೊಳಗೆ ಒಂದು ಹಗಲು ಬಾಳಬೇಕು.

“ಗೋಡೆ ದಾಟಬಾರದು. ಬಾಗಿಲು ಇರೋ ಕಡೆ ಮಾತ್ರ ಓಡಾಟ,” ಅಂದರು ಅಜ್ಜಿ. “ಬಿಸಿಲು ಅಂತ ಛತ್ರಿ ಬೇಕಾದ್ರೆ ತಗೋ. ಸೂರು ಅಂತೂ ಹಾಕಿಲ್ಲ ನೀನು.”

ಮೇದಿನಿ ಹಗ್ಗ ಹಿಡಿದು ಅಳೆದು ಗೆರೆ ಎಳೆದಳು. ಬಿಳಿ ಗೆರೆಗಳ ಮನೆ ಮರಳಿನ ಮೇಲೆ ಮಲಗಿತು. ಮುಂಬಾಗಿಲಿನಿಂದ ಒಳಗೆ ಹೋದಳು. ಹಜಾರ ದಾಟಿ ಅಡುಗೆಮನೆಗೆ ಹೋಗಿ ಕೂತಳು.

ಫೋನು ಬಂತು. ಅಮ್ಮ.

“ಎಲ್ಲಿದ್ದೀಯೇ?”

“ಅಡುಗೆಮನೇಲಿ.”

“ಯಾರ ಅಡುಗೆಮನೇಲಿ?”

“ನಂದೇ.”

“ಬಿಸಿಲಲ್ಲಿ ಇದ್ದೀಯಾ ಹೇಗೆ? ನೋಡು, ನಾಳೆ ಏನೂ ಹೆಚ್ಚುಕಮ್ಮಿ ಆಗಬಾರದು. ನಿಮ್ಮಪ್ಪನ ಹತ್ರ ಇನ್ನೊಂದು ಸಲ ಕೇಳೋಕೆ ನನ್ನ ಕೈಲಿ ಆಗಲ್ಲ.”

ಫೋನಿಟ್ಟ ಮೇಲೆ ಮೇದಿನಿ ಎದ್ದು ಎಲ್ಲ ಕೋಣೆಗಳಲ್ಲೂ ಓಡಾಡಿದಳು. ಆಗ ಗೊತ್ತಾಯಿತು.

ಮಲಗುವ ಕೋಣೆಯ ಪಕ್ಕ ಒಂದು ಕೋಣೆಯಿತ್ತು. ಅದಕ್ಕೆ ಬಾಗಿಲಿರಲಿಲ್ಲ.

ಸುತ್ತ ನೋಡಿದಳು. ನಾಲ್ಕು ಕಡೆಯೂ ಗೋಡೆ. ಕಿಟಕಿಯೂ ಇಲ್ಲ. ಎರಡೂ ಕಡೆ ಸಮ ಬರಲಿ ಅಂತ ಕಡೇ ಗಳಿಗೆಯಲ್ಲಿ ಮೆಟ್ಟಿಲನ್ನು ಎಡಕ್ಕೆ ಸರಿಸಿದ್ದಳು. ಮೊದಲು ಮೆಟ್ಟಿಲಿದ್ದ ಜಾಗ ತನ್ನಷ್ಟಕ್ಕೆ ಮುಚ್ಚಿಹೋಗಿತ್ತು. ಹಾಳೆಯ ಮೇಲೆ ಅದು ಕಣ್ಣಿಗೇ ಬಿದ್ದಿರಲಿಲ್ಲ.

ಇದನ್ನು ತಿದ್ದಬೇಕಾದರೆ ಇಂಕಿನ ಗೋಡೆ ಕೆರೆಯಬೇಕು. ಕೆರೆದರೆ ಹಾಳೆ ಹಾಳು. ಹೊಸದಾಗಿ ಬರೆಯಲು ಹೊತ್ತಿಲ್ಲ.

ಅಜ್ಜಿಗೆ ಹೇಳಲಿಲ್ಲ. ಮಲಗುವ ಕೋಣೆಗೆ ಹೋಗಿ, ಛತ್ರಿ ಬಿಚ್ಚಿ ತಲೆಯ ಬಳಿ ಇಟ್ಟುಕೊಂಡು ಮಲಗಿದಳು.

ಮಧ್ಯಾಹ್ನ ಏರಿತು. ದಂಡೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಮಂಪರು ಹತ್ತಿದಾಗ ಪಕ್ಕದಲ್ಲಿ ಒಂದು ಸದ್ದು. ಕತ್ತಲಲ್ಲಿ ಸ್ವಿಚ್ ಹುಡುಕುವವರು ಗೋಡೆಯನ್ನು ಅಂಗೈಯಿಂದ ಸವರುತ್ತಾರಲ್ಲ, ಹಾಗೆ. ಸ್ವಲ್ಪ ದೂರ ಹೋಗಿ, ತಿರುಗಿ ಬಂದು, ಅವಳ ತಲೆಯ ಹತ್ತಿರ ನಿಂತುಬಿಟ್ಟಿತು.

ನೀರಿನ ಸದ್ದಿರಬೇಕು ಅಂದುಕೊಂಡಳು. ಆದರೆ ಹೊಳೆ ಇದ್ದದ್ದು ಆಚೆ ಕಡೆ, ಸದ್ದು ಬಂದದ್ದು ಬಾಗಿಲಿಲ್ಲದ ಕೋಣೆಯಿಂದ. ಸವರಲು ಅಲ್ಲಿ ಗೋಡೆ ಅಂದರೆ ಒಂದು ಎಳೆ ಸುಣ್ಣ ಅಷ್ಟೇ.

ಎದ್ದವಳೇ ಮುಂಬಾಗಿಲಿನಿಂದಲೇ ಹೊರಬಿದ್ದು ಮಂಟಪಕ್ಕೆ ಹೋದಳು.

“ಅಷ್ಟು ಬೇಗ ಮನೆ ಬೇಜಾರಾಯ್ತಾ?” ಅಂದರು ಅಜ್ಜಿ.

“ಒಂದು ತಪ್ಪಾಗಿದೆ ಅಜ್ಜಿ. ಒಂದು ಕೋಣೆಗೆ ಬಾಗಿಲಿಡೋದು ಮರೆತಿದ್ದೀನಿ.”

“ಹೂಂ.”

“ಪರವಾಗಿಲ್ಲ. ಆ ಕೋಣೇನ ಪೂರ್ತಿ ಕಪ್ಪು ಇಂಕಲ್ಲಿ ತುಂಬಿಬಿಡ್ತೀನಿ. ದಪ್ಪ ಗೋಡೆ ಅಂತ ಹೇಳಿದರಾಯ್ತು. ನೋಡೋಕೂ ಚೆನ್ನಾಗಿರುತ್ತೆ. ಕಾಲೇಜಿನವರಿಗೆ ಗೊತ್ತಾಗಲ್ಲ.”

“ಗೊತ್ತಾಗಲ್ಲ,” ಅಂದರು ಅಜ್ಜಿ. “ನಾನೂ ಎಷ್ಟೋ ತುಂಬಿದ್ದೀನಿ.”

ಮೇದಿನಿಗೆ ಜೀವ ಬಂದ ಹಾಗಾಯಿತು. ಪೆನ್ನಿಗೆ ಕೈ ಹಾಕಿದಳು.

“ಹಾಳೇಲಲ್ಲ. ಮೊದಲು ಅಲ್ಲಿ, ಮರಳಲ್ಲಿ ತುಂಬು.” ಅಜ್ಜಿ ಕಲ್ಲು ತುಂಬಿದ ಒಂದು ಪುಟ್ಟಿಯನ್ನು ಅವಳ ಕಡೆ ನೂಕಿದರು. “ತುಂಬೋ ಮುಂಚೆ ಖಾಲಿ ಇದೆಯಾ ನೋಡ್ಕೋ.”

ಪುಟ್ಟಿ ಹೊತ್ತು ಮೇದಿನಿ ಮತ್ತೆ ಮುಂಬಾಗಿಲಿನಿಂದ ಹೋದಳು. ಹಜಾರ, ಮಲಗುವ ಕೋಣೆ. ಗೆರೆಯ ಈಚೆ ನಿಂತು, ಮೊದಲ ಕಲ್ಲೆತ್ತಿ, ಒಳಗೆ ನೋಡಿದಳು.

ಒಳಗೆ ಹೆಜ್ಜೆ ಗುರುತುಗಳಿದ್ದವು.

ಬರಿಗಾಲಿನವು. ಅವಳ ಕಾಲಿಗಿಂತ ಚಿಕ್ಕವು. ನಾಲ್ಕೂ ಗೋಡೆಯ ಉದ್ದಕ್ಕೂ, ಗೋಡೆಗೆ ಒತ್ತಿಕೊಂಡೇ, ಸುತ್ತಿ ಸುತ್ತಿ ನಡೆದು ಮರಳು ತಗ್ಗಾಗಿತ್ತು. ಎಲ್ಲೂ ಸುಣ್ಣ ಕದಡಿರಲಿಲ್ಲ. ಹೊರಗಿನಿಂದ ಬಂದ ಹೆಜ್ಜೆಯಿಲ್ಲ. ಹೊರಗೆ ಹೋದ ಹೆಜ್ಜೆಯೂ ಇಲ್ಲ.

ಒಂದೇ ಒಂದು ಕಡೆ ಕಾಲ್ಬೆರಳಿನ ಗುರುತುಗಳು ಮರಳಲ್ಲಿ ಆಳವಾಗಿ ಇಳಿದಿದ್ದವು. ಯಾರೋ ಗೋಡೆಗೆ ಮುಖ ಮಾಡಿ ಬಹಳ ಹೊತ್ತು ನಿಂತಿದ್ದ ಹಾಗೆ.

ಗೋಡೆಯ ಈಚೆ ಅವಳ ಛತ್ರಿ ಇನ್ನೂ ಅಲ್ಲೇ ಬಿದ್ದಿತ್ತು. ಅವಳು ತಲೆಯಿಟ್ಟು ಮಲಗಿದ್ದ ಜಾಗ.

ಕಲ್ಲು ಅವಳ ಕೈಯಲ್ಲೇ ಉಳಿಯಿತು.

“ಅಜ್ಜೀ!” ಅಂತ ಕೂಗಿದಳು. “ಇಲ್ಲಿ ಯಾರೋ ಇದ್ದಾರೆ!”

“ನಿನ್ನ ಮನೆ,” ಅಂತ ಮಂಟಪದಿಂದ ಉತ್ತರ ಬಂತು. “ನನ್ನ ಕೇಳಿದ್ರೆ?”

“ನೀವು ಬಂದಿದ್ರಾ?”

“ಬಾಗಿಲೆಲ್ಲಿದೆ ಬರೋಕೆ?”

ಓಡಿಹೋಗಬಹುದಿತ್ತು. ಗೆರೆಗಳನ್ನೆಲ್ಲ ತುಳಿದುಕೊಂಡು, ಚೀಲ ಹೆಗಲಿಗೇರಿಸಿ, ಸಂಜೆಯ ಬಸ್ಸು ಹಿಡಿಯಬಹುದಿತ್ತು. ಇಂಕು ತುಂಬಿದ ಹಾಳೆ ಅಚ್ಚುಕಟ್ಟಾಗಿರುತ್ತಿತ್ತು. ನಾಳೆ ಯಾರೂ ಏನೂ ಕೇಳುತ್ತಿರಲಿಲ್ಲ.

ಮೇದಿನಿ ನೋಡುತ್ತ ನಿಂತಳು. ಆ ಬೆರಳಿನ ಗುರುತುಗಳ ಅಂಚಿನಿಂದ ಮರಳು ಸಣ್ಣಗೆ ಒಳಗೆ ಜಾರುತ್ತಿತ್ತು. ಈಗಷ್ಟೇ ಕಾಲಿನ ಭಾರ ಬದಲಾಯಿಸಿದ ಹಾಗೆ.

ಅವಳು ಕಲ್ಲನ್ನು ಪುಟ್ಟಿಗೆ ಹಾಕಿದಳು. ಮೊಣಕಾಲೂರಿ ಕೂತು, ಸರಿಯಾಗಿ ಅದೇ ಜಾಗದಲ್ಲಿ, ಒಬ್ಬರು ದಾಟುವಷ್ಟು ಅಗಲ, ಸುಣ್ಣದ ಗೆರೆಯನ್ನು ಅಂಗೈಯಿಂದ ಅಳಿಸಿದಳು.

ಸುಣ್ಣ ತಣ್ಣಗಿತ್ತು. ಸುತ್ತ ಮರಳು ಸುಡುತ್ತಿತ್ತು.

“ಬಾಗಿಲಿಟ್ಟಿದ್ದೀನಿ,” ಅಂದಳು. ಯಾರಿಗೆ ಹೇಳಿದೆ ಅಂತ ಅವಳಿಗೇ ನಾಚಿಕೆಯಾಯಿತು.

ಎದ್ದು ಹೊರಟಳು. ಹಜಾರ ದಾಟುವಾಗ ತಿರುಗಿ ನೋಡಲಿಲ್ಲ. ಮುಂಬಾಗಿಲಲ್ಲಿ ಮಾತ್ರ ಒಂದು ಗಳಿಗೆ ಪಕ್ಕಕ್ಕೆ ಸರಿದು ನಿಂತಳು. ಯಾಕೆ ನಿಂತೆ ಅಂತ ಯೋಚಿಸಲಿಲ್ಲ.

ಮಂಟಪದಲ್ಲಿ ಅಜ್ಜಿಯ ಪಕ್ಕ ಚಾಪೆಯ ಮೇಲೆ ಕೂತು, ಬ್ಲೇಡು ತೆಗೆದು, ಹಾಳೆಯ ಮೇಲಿನ ಆ ಗೋಡೆಯನ್ನು ಕೆರೆಯಲು ಶುರುಮಾಡಿದಳು. ಇಂಕು ಸುಲಭವಾಗಿ ಬಿಡಲಿಲ್ಲ. ಹಾಳೆಯ ಮೈ ಎದ್ದು ನೂಲುನೂಲಾಯಿತು. ಅಲ್ಲಲ್ಲಿ ಬೆರಳಿನ ಬೆವರು ತಾಗಿ ಕಲೆ ಹಿಡಿಯಿತು. ಬಾಗಿಲು ಬಂತು. ಎಡಕ್ಕೂ ಬಲಕ್ಕೂ ಇದ್ದ ಹೊಂದಿಕೆ ಹೋಯಿತು. ಈಗ ಮಡಚಿದರೆ ಆ ಬಾಗಿಲ ಮೇಲೆ ಗೋಡೆಯೇ ಬಂದು ಕೂರುತ್ತಿತ್ತು.

ಅವಳ ಕಣ್ಣು ತುಂಬಿತು.

“ಇಷ್ಟು ಕೆಟ್ಟದಾಗಿ ಕೆರೆದಿರೋದನ್ನ ನೋಡಿದ್ರೆ ನಾಳೆ ಕಾಲೇಜಲ್ಲಿ ಏನಂತಾರೆ ಅಜ್ಜಿ? ಈ ಬಾಗಿಲು ಯಾಕೆ, ಯಾರಿಗೆ ಅಂತ ಕೇಳಿದ್ರೆ ನಾನೇನು ಹೇಳಲಿ?”

ಅಂಗೈಯಿಂದ ಕಣ್ಣೊರೆಸಿಕೊಂಡಳು.

“ಹೇಳಿ ಅಜ್ಜಿ. ಸೀಟು ಕೊಡ್ತಾರಾ?”

ಅಜ್ಜಿ ಹಾಳೆಯನ್ನು ನೋಡುತ್ತಿರಲಿಲ್ಲ. ಮೇದಿನಿಯ ಹೆಗಲಿನಾಚೆ, ಮಂಟಪದ ಮೆಟ್ಟಿಲ ಕಡೆ ನೋಡುತ್ತಿದ್ದರು. ಸೆರಗು ಸರಿಮಾಡಿಕೊಂಡರು. ಮನೆಗೆ ಯಾರಾದರೂ ಬಂದಾಗ ಏಳುವ ಹಾಗೆ ಅರ್ಧ ಎದ್ದರು.

“ಸ್ವಲ್ಪ ಈ ಕಡೆ ಜರುಗೇ,” ಅಂದರು. “ಅವರೂ ಕೂರಬೇಕಲ್ಲ.”