ಹುಲಿಗೆವ್ವನ ಖಾಲಿ ತಾಟು

ಭಾಳ ಹಿಂದ, ನಮ್ಮ ಅಜ್ಜನ ಅಜ್ಜನೂ ಹುಟ್ಟಿರದ ಕಾಲಕ್ಕ, ಒಂದು ಕೆರೀ ದಂಡಿಯ ಊರಾಗ ಹುಲಿಗೆವ್ವ ಅನ್ನೂ ಸೂಲಗಿತ್ತಿ ಇದ್ಲಂತ. ಅಕಿ ಬೆನ್ನು ಸವರಿದ್ರ ಸತ್ತು ಹುಟ್ಟಿದ ಕೂಸೂ ಅಳತಿತ್ತು ಅಂತಾರ. ಅಷ್ಟು ಸುಳ್ಳ ಇರಬೇಕು, ಇರಲಿ ಬಿಡ್ರಿ.

ಆ ಊರ ಮಂದಿ ಹಳ್ಳದ ಮರಳು ತೊಳದು ಬಂಗಾರ ತಗೀತಿದ್ರು. ಪಾದರಸ ಹಾಕಿ ತಿಕ್ಕಿದ್ರ ಬಂಗಾರದ ಪುಡಿ ಅದಕ್ಕ ಅಂಟತಿತ್ತು. ಚೆಲ್ಲಿದ ರಸಾ ಕೆರೀಗೆ ಹೋಗಿ ಕೆಸರಿನ್ಯಾಗ ಕೂಡತಿತ್ತು. ನೀರು ತಿಳಿ ಇತ್ತು, ದನ ಕುಡದ್ರ ಏನೂ ಆಗತಿರಲಿಲ್ಲ. ಆದ್ರ ಮೀನಿನ ತಲಿ ತಿಂದ ಬೆಕ್ಕು ಗಿರಗಿರ ತಿರಗಿ ಬಿದ್ದು ಸಾಯತಿದ್ವು. ಹುಲಿಗೆವ್ವನ ಮಗಳು ನೀಲವ್ವನ ಚೊಚ್ಚಲ ಕೂಸು ಕುತ್ತಿಗಿ ಎತ್ತಲಿಲ್ಲ, ಬೆರಳು ಕೊಟ್ರ ಹಿಡೀಲಿಲ್ಲ, ವರ್ಷ ತುಂಬೂದ್ರಾಗ ಹೋತು.

ಹುಲಿಗೆವ್ವ ಕೆಸರಿಗೆ ಕಿವಿ ಹಚ್ಚಿ ಮಲಗಿದ್ಲಂತ. ಕೆಸರು ಹೇಳಿತಂತ: ನನ್ನೊಳಗ, ಗಾಳಿ ಇಲ್ಲದ ಕತ್ತಲಾಗ, ಕಣ್ಣಿಗೆ ಕಾಣದ ಜೀವ ಅದಾವ. ನೀವು ಚೆಲ್ಲಿದ ರಸಾನ ಅವು ವಿಷಾ ಮಾಡತಾವ. ಅದು ಹುಳಕ್ಕ ಹೋಗತೈತಿ, ಹುಳಾ ತಿಂದ ಸಣ್ಣ ಮೀನಿಗೆ, ಅದನ್ನ ತಿಂದ ದೊಡ್ಡ ಮೀನಿಗೆ. ದೊಡ್ಡದರಾಗ ಭಾಳ ಕೂಡತೈತಿ, ಬಸುರಿ ತಿಂದ್ರ ಕೂಸಿಗೆ ಇಳೀತೈತಿ.

ರಸಾ ಬಿಡ್ರಿ ಅಂತ ಮನಿ ಮನಿ ತಿರಗಿದ್ಲು. ಯಾರು ಕೇಳತಾರ! ಮುದುಕೀಗೆ ಅರಳುಮರಳು ಅಂದ್ರು. ಹೇಳಿ ಹೇಳಿ ಅಕೀಗೂ ಸಾಕಾಗಿ ಹೋತು.

ನೀಲವ್ವ ಮತ್ತ ಬಸುರಾದ್ಲು. ಬಯಕಿ ಊಟಕ್ಕ ಬೀಗರು ಕೆರೀಯಾಗಿನ ಎಲ್ಲಾಕ್ಕಿಂತ ದೊಡ್ಡ ಮೀನ ತರಬೇಕು, ಬಸುರಿಯ ಅವ್ವ ಅದನ್ನ ಅಟ್ಟು ತನ್ನ ಕೈಲೇ ಮಗಳಿಗೆ ಉಣಿಸಬೇಕು, ಅದು ಪದ್ಧತಿ. ಚೊಚ್ಚಲಕ್ಕೂ ಉಣಿಸಿದಾಕಿ ಹುಲಿಗೆವ್ವನೇ. ಈ ಸಲ ಮೀನ ಮಣ್ಣಾಗ ಹೂಳಿ, ಮಗಳ ಮುಂದ ಖಾಲಿ ತಾಟು ಇಟ್ಲು.

“ಮೀನ ಎಲ್ಲಿ ಬೇ ಅವ್ವಾ?” ಅಂತ ನೀಲವ್ವ ಎಲ್ಲಾರ ಮುಂದ ಅತ್ಲು. ಹುಲಿಗೆವ್ವ ಸುಮ್ಮನಿದ್ಲು. ನೀ ಉಣಿಸದ ಮೀನ ಇನ್ನ ಯಾರು ಕೊಟ್ರೂ ಮುಟ್ಟಾಂಗಿಲ್ಲ, ನಿನ್ನ ಮಾರಿನೂ ನೋಡಾಂಗಿಲ್ಲ ಅಂತ ಆಣಿ ಇಟ್ಟು ಮಗಳು ಬೀಗರ ಜೋಡಿ ಎದ್ದು ಹೋದ್ಲು.

ಹೆರಿಗಿಗೆ ಬ್ಯಾರೆ ಸೂಲಗಿತ್ತಿ ಬಂದ್ಲು. ಊರ ಕೂಸೆಲ್ಲಾ ಹಿಡದ ಹುಲಿಗೆವ್ವ ಬೀಗರ ಹಿತ್ತಲ ಗ್ವಾಡಿಗೆ ಒರಗಿ ಕೂತು ಅಳು ಕೇಳಿದ್ಲು. ಗಟ್ಟಿ ಅಳು. ಕೂಸು ಹಿಡದ ಬೆರಳು ಬಿಡಲಿಲ್ಲಂತ. ಅವ್ವ ಖಾಲಿ ತಾಟು ಯಾಕ ಇಟ್ಲು ಅಂತ ಆಗ ನೀಲವ್ವಗ ತಿಳೀತು. ಅವ್ವ ಹಿತ್ತಲಾಗ ಕೂತಾಳಂತ ಕೇಳಿ, ಹಸಿ ಮೈಯಾಗ ಕೂಸು ಎತಗೊಂಡು ಓಡಿ ಬಂದ್ಲು. ಹುಲಿಗೆವ್ವ ಒರಗಿದಾಕಿ ಒರಗೇ ಇದ್ಲು, ಉಸಿರು ಇರಲಿಲ್ಲ. ಭಾಳ ದಣದಿದ್ಲು, ಪಾಪ.

ಇವತ್ತಿಗೂ ನಮ್ಮ ಕಡೆ ಬಸುರಿ ಮುಂದ ಖಾಲಿ ತಾಟು ಇಡತಾರ. ಮೀನ ಎಲ್ಲಿ ಅಂತ ಮಗಳು ಕೇಳಬೇಕು, ಅವ್ವ ಸುಮ್ಮನಿರಬೇಕು. ಕೂಸು ಹುಟ್ಟಿದ ಮ್ಯಾಲ ಮೊದಲು ಅಜ್ಜಿ ಉಡಿಯಾಗ ಹಾಕಿ ಅಕಿ ಬೆರಳು ಹಿಡಸತಾರ. ಹಡದಾಕಿ ಕೈಗೆ ಆಮ್ಯಾಲೆ.