ಕೌದಿ ಹೊದ್ದ ಪಂಪು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಚೆನ್ನವೀರ ಎಂಬ ಶಿಷ್ಯನಿದ್ದ. ಮೊದಲು ಕಾಲೇಜಿನಲ್ಲಿ ಉಷ್ಣಚಲನಶಾಸ್ತ್ರ ಕಲಿಸುತ್ತಿದ್ದ. ಕಲಿಸುವುದನ್ನು ಬಿಟ್ಟಿದ್ದ, ತಿದ್ದುವುದನ್ನು ಬಿಟ್ಟಿರಲಿಲ್ಲ.

ಪಕ್ಕದ ಊರಿನ ಮಠವನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು. ಚೆನ್ನವೀರನಿಗೆ ಅಲ್ಲಿಗೆ ಹೋಗುವ ಆಸೆ. ಆಸೆ ಬಿಡಬೇಕೆಂದು ಪ್ರವಚನ ಮಾಡುತ್ತಿದ್ದವನೂ ಅವನೇ.

ಗುರುಗಳು ಹೇಳಿದರು: "ಮಂದಿ ಎಷ್ಟು ಒತ್ತಿದ್ರೂ, ಬಿಟ್ಟ ಮ್ಯಾಲೆ ಮೊದಲಿನಂಗ ಆಗೋ ಮನುಷ್ಯಾ ಬೇಕು."

"ಎಂಟ್ರೋಪಿ, ಅಂದ್ರ ಒಳಗಿನ ಅಸ್ತವ್ಯಸ್ತ, ಬದಲಾಗಬಾರದು, ಅಷ್ಟ ಅಲ್ರೀ ಅಪ್ಪಾರೆ? ಬಿಸಿ ಒಳಗ ಬರಬಾರದು, ಹೊರಗ ಹೋಗಬಾರದು. ಮುಗೀತು."

"ಮುಗೀತಾ?"

"ಮುಗೀತ್ರಿ."

ಅವನು ಕಾಳಿನ ಕೋಣೆ ಹೊಕ್ಕ. ಕಿಟಕಿ ಮುಚ್ಚಿದ. ಕಿವಿಗೆ ಅರಳೆ ತುರುಕಿ, ಕೌದಿ ಹೊದ್ದು ಕೂತ. ಆಗ ಕಡುಬೇಸಿಗೆ. ಶಾಸ್ತ್ರಕ್ಕೆ ಅದು ಲೆಕ್ಕಕ್ಕಿಲ್ಲ.

ವಾರದ ನಂತರ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ ಹೊರಬಂದ.

"ಏನೂ ಒಳಗ ಬರಲಿಲ್ರಿ, ಏನೂ ಹೊರಗ ಹೋಗಲಿಲ್ಲ. ಅದೇ ಚೆನ್ನವೀರ."

"ಛಲೋ ಆತು. ಒಳಗ ಏನ್ ಮಾಡ್ತಿದ್ದಿ?"

"ಏನಿಲ್ರಿ. ನಾ ಬಾಗಲಾ ಹಾಕ್ಕೊಳ್ಳೋವಾಗ ಅಡಿಗಿ ಮುರಿಗೆಪ್ಪ 'ಕಡಬು ಬೆಂದ ಮ್ಯಾಲೆ ಹೇಳ್ರಿ' ಅಂತ ನಕ್ಕಿದ್ದ. ಅವಗ ಏನ್ ಅನ್ನಬೇಕಂತ ವಿಚಾರ ಮಾಡ್ತಿದ್ದೆ."

"ವಾರಪೂರ್ತಿ?"

"ಉತ್ತರ ಭಾಳ ಸುಧಾರಿಸ್ಯಾವ್ರಿ."

ಗುರುಗಳು ಗೋಡೆಗೊರಗಿದ್ದ ಸೈಕಲ್ಲಿನಿಂದ ಪಂಪು ಬಿಚ್ಚಿಕೊಟ್ಟರು.

"ಇದರ ಬಾಯಿಗೆ ಬೆರಳು ಹಿಡಿ. ಒತ್ತು. ಬಿಡು."

ಚೆನ್ನವೀರ ಒತ್ತಿ ಬಿಟ್ಟ. ಹಿಡಿಕೆ ಮೇಲೆದ್ದು, ಮುಕ್ಕಾಲು ದಾರಿಗೆ ನಿಂತಿತು.

"ಬಿಸಿ ಹೊರಗ ಹೋಗಿರಬೇಕ್ರಿ."

"ಹಂಗಾದ್ರ ಕೌದಿ ಹೊಚ್ಚು."

ಅವನು ಪಂಪಿಗೆ ಹಸುಗೂಸಿನಂತೆ ಕೌದಿ ಸುತ್ತಿದ. ಈ ಸಲ ಮೆಲ್ಲಗೆ ಒತ್ತಿ ಬಿಟ್ಟ. ಹಿಡಿಕೆ ಮತ್ತೆ ಅಲ್ಲೇ ನಿಂತಿತು.

"ಏನೂ ಬರಲಿಲ್ಲ, ಏನೂ ಹೋಗಲಿಲ್ಲ. ಮತ್ಯಾಕಪಾ?" ಎಂದರು ಗುರುಗಳು.

ಉತ್ತರ ಚೆನ್ನವೀರನಿಗೆ ಗೊತ್ತಿತ್ತು. ಅದನ್ನು ಮರೆತ ಹುಡುಗರನ್ನು ಅವನು ವರ್ಷವರ್ಷವೂ ಫೇಲು ಮಾಡಿದ್ದ.

"ಒಳಗಿನ ತೊಗಲಿನ ವಾಷರ್ ಒಣಗೇತ್ರಿ. ಒಳಗ ತಿಕ್ಕಾಟ ಇದ್ರ ಎಷ್ಟ ಮುಚ್ಚಿದ್ರೂ ಎಂಟ್ರೋಪಿ ಏರತೈತಿ."

"ಆ ಕೋಣಿ ಒಳಗ ಮುರಿಗೆಪ್ಪ ಇದ್ದನೇನು?"

"ಇಲ್ರಿ. ನಾನೊಬ್ಬನ."

"ಎಣ್ಣಿ ಬಿಡು."

ಎಣ್ಣೆ ಬಿಟ್ಟು ಒತ್ತಿದ. ಈಗ ಹಿಡಿಕೆ ಹೆಚ್ಚುಕಡಿಮೆ ಮೇಲಿನವರೆಗೂ ಬಂತು. ಉಳಿದ ಸಂದನ್ನು ಅವನು ಬಹಳ ಹೊತ್ತು ನೋಡಿದ.

"ಎಷ್ಟ ಎಣ್ಣಿ ಬಿಟ್ರೂ ಇದು ಪೂರ್ತಿ ಬರೂದಿಲ್ರಿ, ಅಪ್ಪಾರೆ. ಅಂದ್ರ ಆ ಮಠಕ್ಕ ತಕ್ಕಾಂವ ಯಾರೂ ಇಲ್ಲಂದಂಗಾತು."

ಗುರುಗಳು ಸೈಕಲ್ಲನ್ನು ಮಠದ ದಾರಿಗೆ ತಿರುಗಿಸಿ ಅವನ ಮುಂದೆ ನಿಲ್ಲಿಸಿದರು. ಗಾಲಿಗಳೆರಡೂ ಗಾಳಿಯಿಲ್ಲದೆ ನೆಲ ಕಚ್ಚಿದ್ದವು.

"ಪೂರ್ತಿ ವಾಪಸ್ ಬರೋ ಪಂಪು ನಿನ್ನ ಪುಸ್ತಕದಾಗ ಐತಿ. ಅದು ಇವತ್ತಿನ ತನಕ ಒಂದು ಗಾಲಿಗೂ ಗಾಳಿ ತುಂಬಿಲ್ಲ."